ದಶಮಾಂಶ, ಬಳೆ, ಮಾರಿಹಬ್ಬದ ಬಾಡು: ಕೃಪೆಯಲ್ಲಿ ಇರೋರಿಗೆ ಇವೆಲ್ಲ ಕಟ್ಟಳೆನಾ?

ಮದ್ದೂರು_ಸಿಸ್ಟರ್ ಕೇಳಿದ್ದು:

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಮಂಡ್ಯ ಕಡೆಯ ಒಂದು ಸಣ್ಣ ಪ್ರಾರ್ಥನಾ ಸಭೆಯ ವಿಷಯ, ಹೆಸರು ಬೇಡ. ದೀಕ್ಷಾಸ್ನಾನ ಆದವರಿಗೆ ಅಲ್ಲಿ ಒಂದು ಪಟ್ಟಿ ಇದೆ. ಬಳೆ, ಓಲೆ, ಹೂವು ತೆಗೀಬೇಕು. ಕೈಗೆ ಬಂದ ಹಣದಲ್ಲಿ ಖರ್ಚು ಕಳೆಯೋ ಮುಂಚೆನೇ ಹತ್ತರಲ್ಲಿ ಒಂದು ಪಾಲು ಕೊಡಬೇಕು. ಶುಕ್ರವಾರ ಉಪವಾಸ ಕಡ್ಡಾಯ. ಭಾನುವಾರ ಗದ್ದೆಗೆ ಕಾಲಿಡೋ ಹಾಗಿಲ್ಲ. ಮಾರಿಹಬ್ಬದ ಬಾಡು, ಸಂಕ್ರಾಂತಿ ಎಳ್ಳು ಮುಟ್ಟೋ ಹಾಗಿಲ್ಲ. ತಪ್ಪಿದವರನ್ನ ಕರ್ತನ ಭೋಜನದಿಂದ, ಅಂದ್ರೆ ಯೇಸುವಿನ ನೆನಪಿಗೆ ಸಭೆಯವರು ರೊಟ್ಟಿ, ದ್ರಾಕ್ಷಾರಸ ತಗೊಳ್ಳೋದರಿಂದ, ದೂರ ಇಡ್ತಾರೆ. ಅವರ ಮನೇಲಿ ಯಾರಿಗಾದ್ರೂ ಕಾಯಿಲೆ ಬಂದ್ರೆ ಪಟ್ಟಿ ಮೀರಿದ್ದಕ್ಕೇ ಬಂತು ಅಂತಾರೆ.

ಬೈಬಲ್ಲಿನ ಗಲಾತ್ಯ ಪತ್ರಿಕೆ ಓದಿ, ನೀವು ಸ್ವತಂತ್ರರು ಅಂತ ಕೆಲವರು ಹೇಳ್ತಾರೆ. ಸ್ವಾತಂತ್ರ್ಯ ಅಂದ್ರೆ ಮನಸೋ ಇಚ್ಛೆ ನಡೆಯೋದಲ್ಲ ಅಂತ ಹಿರಿಯರು ಹೇಳ್ತಾರೆ. ಎರಡೂ ಸರಿ ಅನ್ಸುತ್ತೆ. ಯಾವುದು ದೇವರ ಆಜ್ಞೆ, ಯಾವುದು ಬರೀ ಪದ್ಧತಿ, ಯಾವುದು ಕೃಪೆಯನ್ನೇ ತಳ್ಳಿಹಾಕೋ ಕಟ್ಟಳೆ ಅಂತ ವಿಂಗಡಿಸೋದು ಹೇಗೆ? ವಚನ ಸಮೇತ ಹೇಳಿದ್ರೆ ಉಪಕಾರ. ಬರೀ "ಕೃಪೆ ಸಾಕು" ಅಂತ ಹೇಳಿ ಬಿಡಬೇಡಿ ದಯವಿಟ್ಟು.

ಹಿನಕಲ್_ಓದುಗ:

ಸಿಸ್ಟರ್, ಪಟ್ಟಿಯಲ್ಲಿರುವ ಒಂದೊಂದನ್ನೂ ಹಿಡಿದು ಸರಿಯೋ ತಪ್ಪೋ ಅಂತ ವಾದಕ್ಕೆ ಇಳಿದರೆ ದಾರಿ ಸಿಗುವುದಿಲ್ಲ. ಮೊದಲು ಪ್ರತಿ ನಿಯಮಕ್ಕೂ ಒಂದೇ ಪ್ರಶ್ನೆ ಹಾಕಿ: ಇದನ್ನು ಮಾಡದಿದ್ದರೆ ಏನಾಗುತ್ತದೆ ಅಂತ ಸಭೆ ಹೇಳುತ್ತದೆ? ದೇವರು ನಿಮ್ಮನ್ನು ಸೇರಿಸಿಕೊಳ್ಳುವುದಿಲ್ಲ, ಆಶೀರ್ವಾದ ನಿಲ್ಲುತ್ತದೆ, ರೋಗ ಬರುತ್ತದೆ ಅನ್ನುವ ಉತ್ತರ ಬಂದರೆ, ನಿಯಮ ಎಷ್ಟೇ ಒಳ್ಳೆಯದಿದ್ದರೂ ಅದು ಕ್ರಿಸ್ತನು ಇರಬೇಕಾದ ಜಾಗದಲ್ಲಿ ಕೂತಿದೆ. ಸಭೆಯ ಶಿಸ್ತಿಗೆ, ಹೊಸಬರ ಸಹಾಯಕ್ಕೆ ಅನ್ನುವ ಉತ್ತರ ಬಂದರೆ ಅದು ಪದ್ಧತಿ. ಒಪ್ಪಬಹುದು, ಬದಲಾಯಿಸಿ ಅಂತ ಕೇಳಬಹುದು.

ಗಲಾತ್ಯ ಪತ್ರಿಕೆ ಬರೆದ ಅಪೊಸ್ತಲ ಪೌಲನ ನಡೆಯಲ್ಲೇ ಇದು ಕಾಣುತ್ತದೆ. ಯೆರೂಸಲೇಮಿನಲ್ಲಿ ತನ್ನ ಜೊತೆಗಾರ, ಯೆಹೂದ್ಯನಲ್ಲದ ತೀತನಿಗೆ ಸುನ್ನತಿ ಮಾಡಿಸಲು ಅವನು ಒಪ್ಪಲಿಲ್ಲ (ಗಲಾತ್ಯ 2:3-5). ಇನ್ನೊಬ್ಬ ಜೊತೆಗಾರ ತಿಮೊಥೆಯನಿಗೆ ತಾನೇ ಮಾಡಿಸಿದ (ಅಪೊಸ್ತಲರ ಕೃತ್ಯಗಳು 16:3). ಕೆಲಸ ಒಂದೇ. ತೀತನ ವಿಷಯದಲ್ಲಿ ಅದನ್ನು ರಕ್ಷಣೆಯ ಷರತ್ತಾಗಿ ಕೇಳಿದರು, ಅದಕ್ಕೆ ಒಂದು ಗಳಿಗೆಯೂ ಬಗ್ಗಲಿಲ್ಲ. ತಿಮೊಥೆಯನ ತಾಯಿ ಯೆಹೂದ್ಯಳು, ಸುವಾರ್ತೆಗೆ ಹೋಗುವ ಊರುಗಳ ಯೆಹೂದ್ಯರಿಗೆ ಅಡ್ಡಿಯಾಗಬಾರದು ಅಂತ ಅಲ್ಲಿ ತಾನಾಗಿ ಬಿಟ್ಟುಕೊಟ್ಟ. ನಿಮ್ಮ ಪಟ್ಟಿಯ ಪ್ರತಿಯೊಂದನ್ನೂ ಈ ಎರಡು ಘಟನೆಗಳ ಪಕ್ಕ ಇಟ್ಟು ನೋಡಿ. ಬಳೆ ತೆಗೆಯುವುದು ತೀತನ ಸಾಲಿಗೆ ಸೇರುತ್ತದೋ ತಿಮೊಥೆಯನ ಸಾಲಿಗೋ ಅಂತ ನಿಮಗೇ ಗೊತ್ತಾಗುತ್ತದೆ.

ಗಲಾತ್ಯ ಪತ್ರಿಕೆ ಆರು ಅಧ್ಯಾಯ, 149 ವಚನ. ಜೋರಾಗಿ ಓದಿದರೂ ಅರ್ಧ ಗಂಟೆ ಹಿಡಿಯುವುದಿಲ್ಲ. ಒಂದೇ ಕೂತಲ್ಲಿ ಓದಿ. ಬಹಳ ಜನ ಸ್ವಾತಂತ್ರ್ಯದಲ್ಲಿ ದೃಢವಾಗಿ ನಿಲ್ಲಿ ಅನ್ನುವ 5:1ನ್ನು ಮಾತ್ರ ಬಾಯಿಪಾಠ ಮಾಡಿ ಅಲ್ಲೇ ನಿಲ್ಲುತ್ತಾರೆ, ಹಿರಿಯರ ಕಡೆಯವರು ಸ್ವಾತಂತ್ರ್ಯವನ್ನು ಶರೀರಭಾವಕ್ಕೆ ಆಸ್ಪದ ಮಾಡಿಕೊಳ್ಳಬೇಡಿ ಅನ್ನುವ 5:13ರಿಂದ ಮಾತ್ರ ಶುರು ಮಾಡುತ್ತಾರೆ, ಗೊಂದಲ ಹುಟ್ಟುವುದು ಅಲ್ಲೇ. ಮೂರನೆಯ ಅಧ್ಯಾಯದಲ್ಲಿ ಪೌಲ ಕಾಲದ ಲೆಕ್ಕ ಇಡುತ್ತಾನೆ, ಅದನ್ನು ನಿಧಾನವಾಗಿ ನೋಡಿ. ಅಬ್ರಹಾಮ ನಂಬಿದ, ಅದನ್ನೇ ದೇವರು ನೀತಿ ಎಂದು ಎಣಿಸಿದರು. ಇದು ಆದಿಕಾಂಡ 15:6. ಸುನ್ನತಿ ಬರುವುದು 17ನೇ ಅಧ್ಯಾಯದಲ್ಲಿ. ನಡುವೆ ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ, ಸುನ್ನತಿಯಾದಾಗ 99. ಅಂದರೆ ನೀತಿವಂತನೆಂದು ಎಣಿಕೆಯಾದ ಮೇಲೆ ಕಡಿಮೆಯೆಂದರೂ 13 ವರ್ಷ ಅವನು ಸುನ್ನತಿ ಇಲ್ಲದೆಯೇ ದೇವರ ಜೊತೆ ನಡೆದ. ಧರ್ಮಶಾಸ್ತ್ರ ಬಂದದ್ದು ವಾಗ್ದಾನವಾಗಿ 430 ವರ್ಷದ ಮೇಲೆ (ಗಲಾತ್ಯ 3:17). ಹಿಂದೆ ಬಂದ ವಾಗ್ದಾನವನ್ನು ಆಮೇಲೆ ಬಂದ ಶಾಸ್ತ್ರ ರದ್ದು ಮಾಡಲಾರದು ಅನ್ನುವುದು ಅವನ ವಾದದ ಗಟ್ಟಿ ಕಂಬ. ಹತ್ತು ಆಜ್ಞೆಗಳಲ್ಲೂ ಇದೇ ಕ್ರಮ ಇದೆ. ವಿಮೋಚನಕಾಂಡ 20:2ರಲ್ಲಿ "ನಿನ್ನನ್ನು ಐಗುಪ್ತದಿಂದ ಬಿಡಿಸಿದವನು ನಾನು" ಎಂಬ ಮಾತು ಮೊದಲು, ಆಜ್ಞೆ ಶುರುವಾಗುವುದು ಮೂರನೆಯ ವಚನದಿಂದ.

ಕರ್ತನ ಭೋಜನದಿಂದ ದೂರ ಇಡುವ ವಿಷಯ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಅಂತಿಯೋಕ್ಯ ಪಟ್ಟಣದಲ್ಲಿ ಅಪೊಸ್ತಲ ಪೇತ್ರ ತಪ್ಪು ಉಪದೇಶ ಮಾಡಿರಲಿಲ್ಲ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದಾಗ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ, ಅಷ್ಟೇ. ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯುತ್ತಿಲ್ಲ ಅಂತ ಪೌಲ ಎಲ್ಲರ ಎದುರಿಗೇ ಹೇಳಿದ (ಗಲಾತ್ಯ 2:11-14). ಹೊಸ ಒಡಂಬಡಿಕೆಯಲ್ಲಿ ಒಬ್ಬನನ್ನು ಸಭೆಯಿಂದ ದೂರ ಇಟ್ಟದ್ದು 1 ಕೊರಿಂಥ 5ರಲ್ಲಿದೆ. ಅಲ್ಲಿ ಒಬ್ಬ ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿದ್ದ, ಸಭೆ ಅದಕ್ಕೆ ದುಃಖಪಡದೆ ಉಬ್ಬಿಕೊಂಡಿತ್ತು. ಅದೆಲ್ಲಿ, ಓಲೆ ಹಾಕಿಕೊಂಡದ್ದೆಲ್ಲಿ?

ಹಿರಿಯರು 1 ಕೊರಿಂಥ 11:30 ತೋರಿಸಬಹುದು. ಭೋಜನವನ್ನು ಅಯೋಗ್ಯವಾಗಿ ತೆಗೆದುಕೊಂಡದ್ದರಿಂದ ಹಲವರು ಬಲಹೀನರೂ ರೋಗಿಗಳೂ ಆಗಿದ್ದಾರೆ ಅಂತ ಅಲ್ಲಿ ನಿಜವಾಗಿಯೂ ಇದೆ, ಮುಚ್ಚಿಡಬಾರದು. ಆದರೆ ಅಯೋಗ್ಯತೆ ಏನು ಅಂತ ಅದೇ ಅಧ್ಯಾಯದ 20ರಿಂದ 22ನೇ ವಚನ ಹೇಳುತ್ತವೆ: ಉಳ್ಳವರು ಮುಂಚೆಯೇ ಉಂಡು ಕುಡಿದು, ಇಲ್ಲದವರನ್ನು ಹಸಿದುಕೊಂಡು ಇರುವ ಹಾಗೆ ಮಾಡಿ ನಾಚಿಸುತ್ತಿದ್ದರು. ಒಡವೆಯ ಮಾತು ಅಲ್ಲಿಲ್ಲ. ಯಾರ ಮನೆಯಲ್ಲಿ ರೋಗ ಬಂದರೂ ಪಾಪದ ಲೆಕ್ಕ ಹುಡುಕುವವರಿಗೆ ಯೋಹಾನ 9:3 ಸಾಕು. ಹುಟ್ಟುಕುರುಡನ ವಿಷಯದಲ್ಲಿ ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಗಳೂ ಮಾಡಲಿಲ್ಲ ಅಂತ ಯೇಸುವೇ ಹೇಳಿದರು.

ಗಲಾತ್ಯ 5:19-21ರಲ್ಲಿ ಶರೀರಭಾವದ ಕೆಲಸಗಳು ಹದಿನೈದು. ಅದರಲ್ಲಿ ಎಂಟು ಬರೀ ಸಂಬಂಧ ಕೆಡಿಸುವಂಥವು: ಹಗೆ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಸ್ವಾರ್ಥದ ಪೈಪೋಟಿ, ಒಡಕು, ಗುಂಪುಗಾರಿಕೆ, ಮತ್ಸರ. ಕಟ್ಟಳೆ ಬಲವಾಗಿರುವ ಸಭೆಗಳಲ್ಲಿ ಮೊದಲು ಕಣ್ಣಿಗೆ ಬೀಳದೆ ಹೋಗುವುದು ಈ ಎಂಟೇ. ಬಳೆ ಎಣಿಸಬಹುದು, ಮತ್ಸರ ಎಣಿಸಲಾಗುವುದಿಲ್ಲ.

ಪಾಂಡವಪುರ_ಕಬ್ಬು:

ದಶಮಾಂಶದ ಭಾಗ ನಾನು ಬರೀತೀನಿ. ನಮ್ಮ ಕಡೆ ರೈತಾಪಿ ಜನ ನಿಜವಾಗಿ ನಲುಗೋದು ಇಲ್ಲೇ.

ಮೊದಲು ಹಳೇ ಒಡಂಬಡಿಕೆಯಲ್ಲಿ ಅದು ಏನಾಗಿತ್ತು ಅಂತ ತಿಳ್ಕೊಳ್ಳಿ. ದಶಮಾಂಶ ಭೂಮಿಯ ಬೆಳೆ ಮೇಲೆ, ಮರದ ಹಣ್ಣಿನ ಮೇಲೆ, ದನ ಕುರಿ ಮೇಲೆ (ಯಾಜಕಕಾಂಡ 27:30-32). ಹೋಗ್ತಿದ್ದದ್ದು ದೇವರ ಗುಡಾರದ ಸೇವೆ ಮಾಡೋ ಕುಲದವರಾದ ಲೇವಿಯರಿಗೆ, ಯಾಕಂದ್ರೆ ಅವರಿಗೆ ಬೇರೆ ಕುಲಗಳ ಹಾಗೆ ಜಮೀನಿನ ಪಾಲು ಇರ್ಲಿಲ್ಲ (ಅರಣ್ಯಕಾಂಡ 18:21-24). ಆ ಲೇವಿಯರೂ ತಮಗೆ ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕೊಡಬೇಕಿತ್ತು (18:26). ಧರ್ಮೋಪದೇಶಕಾಂಡ 14:22-27ರಲ್ಲಿ ದಶಮಾಂಶ ತಗೊಂಡು ಹೋಗಿ ದೇವರ ಸನ್ನಿಧಿಯಲ್ಲಿ ಮನೆಯವರೆಲ್ಲ ಕೂತು ಉಂಡು ಸಂತೋಷಪಡಿ ಅಂತಿದೆ! ಮೂರು ವರ್ಷಕ್ಕೊಂದು ಸಲ ಅದನ್ನ ಊರಲ್ಲೇ ಇಟ್ಟು ಲೇವಿಯರು, ಪರದೇಶಿಗಳು, ತಂದೆಯಿಲ್ಲದವರು, ವಿಧವೆಯರು ಹೊಟ್ಟೆ ತುಂಬ ಉಣ್ಣಬೇಕು (14:28-29). ಈ ವಚನಗಳನ್ನ ಸಭೆಯಲ್ಲಿ ಓದೋದು ಅಪರೂಪ, ಓದೋದೆಲ್ಲ ದಶಮಾಂಶ ಕೊಡದವರು ದೇವರನ್ನೇ ದೋಚ್ತಾರೆ, ಅದನ್ನ ಉಗ್ರಾಣಕ್ಕೆ ತನ್ನಿ ಅನ್ನೋ ಮಲಾಕಿಯ 3:8-10. ಆ "ಉಗ್ರಾಣ" ದೇವಾಲಯದ ಉಗ್ರಾಣ. ಅದು ಖಾಲಿಯಾಗಿ ಲೇವಿಯರು ಹೊಟ್ಟೆಪಾಡಿಗೆ ತಂತಮ್ಮ ಹೊಲಕ್ಕೆ ಹೋಗಿಬಿಟ್ಟಿದ್ದನ್ನ ನೆಹೆಮೀಯ 13:10ರಲ್ಲಿ ನೋಡಿ, ಆಗ ಮಲಾಕಿಯನ ಸಿಟ್ಟು ಯಾಕೆ ಅಂತ ಅರ್ಥ ಆಗುತ್ತೆ. ಆ ದೇವಾಲಯ ಕ್ರಿ.ಶ. 70ರಲ್ಲಿ ಬಿದ್ದುಹೋಯ್ತು.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. ಕೂಡೋಕೆ ಸುಲಭ ಆಗ್ಲಿ ಅಂತ ಅಂಕಿ ಹಿಡೀತೀನಿ. ಒಂದು ಎಕರೆ ಕಬ್ಬಿಗೆ ಕಾರ್ಖಾನೆಯಿಂದ 1,20,000 ರೂಪಾಯಿ ಬಂತು ಅನ್ಕೊಳ್ಳಿ. ಬಿತ್ತನೆ ಕಬ್ಬು, ಗೊಬ್ಬರ, ಕಟಾವು ಕೂಲಿ, ಸಾಗಾಣಿಕೆ, ಸೊಸೈಟಿ ಸಾಲದ ಕಂತು ಎಲ್ಲ ಸೇರಿ 75,000 ಹೋಯ್ತು. ಉಳಿದದ್ದು 45,000. ಖರ್ಚು ಕಳೆಯೋ ಮುಂಚಿನ ಹತ್ತರಲ್ಲಿ ಒಂದು ಅಂದ್ರೆ 12,000. ಅದು ಉಳಿದ ಹಣದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ. ಆ ಉಳಿದ ಹಣದಲ್ಲೇ ಮುಂದಿನ ಬೆಳೆ ಬರೋ ತನಕ ಮನೆ ನಡೀಬೇಕು. ತಿಂಗಳ ಸಂಬಳದವರಿಗೆ ಮಾಡಿದ ಸೂತ್ರವನ್ನ ವರ್ಷಕ್ಕೊಂದು ಸಲ ದುಡ್ಡು ನೋಡೋ ಮನೆಗೆ ಹಾಗೇ ಹೊರಿಸಿದ್ರೆ ಜನ ಕೈಸಾಲ ಮಾಡಿ, ಒಡವೆ ಅಡ ಇಟ್ಟು, ಸಂಘದ ಸಾಲ ಎತ್ತಿ ಕಾಣಿಕೆ ಹಾಕೋ ಸ್ಥಿತಿ ಬರುತ್ತೆ. ಇದಕ್ಕೆ ಹೊಸ ಒಡಂಬಡಿಕೆಯಲ್ಲಿ ಎಲ್ಲೂ ಆಧಾರ ಇಲ್ಲ. ಇದ್ದದ್ದಕ್ಕೆ ತಕ್ಕಂತೆ ಕೊಟ್ಟರೆ ಅದು ಒಪ್ಪಿಗೆ, ಇಲ್ಲದ್ದನ್ನ ದೇವರು ಕೇಳಲ್ಲ ಅಂತ 2 ಕೊರಿಂಥ 8:12 ನೇರವಾಗಿ ಹೇಳುತ್ತೆ. 9:7ರಲ್ಲಿ ಪ್ರತಿಯೊಬ್ಬರೂ ಹೃದಯದಲ್ಲಿ ತೀರ್ಮಾನ ಮಾಡ್ಕೊಂಡ ಹಾಗೆ, ದುಃಖದಿಂದಲ್ಲ, ಬಲವಂತದಿಂದಲ್ಲ ಅಂತಿದೆ.

ಹಾಗಾದ್ರೆ ಎಷ್ಟು ಕೊಡೋದು? ದುಡ್ಡು ಬಂದ ದಿನ ಮೊದಲು ಕಟಾವಿನವರ ಕೂಲಿ ಪೂರ್ತಿ ಕೊಡಿ. ಹೊಲ ಕೊಯ್ದವರ ಕೂಲಿ ಹಿಡಿದಿಟ್ಟರೆ ಆ ಕೂಲಿಯೇ ಕೂಗುತ್ತೆ ಅಂತ ಯಾಕೋಬ 5:4 ಹೇಳುತ್ತೆ. ಕೂಲಿ ಬಾಕಿ ಇಟ್ಕೊಂಡು ಕಾಣಿಕೆ ಹಾಕಿದ್ರೆ ಏನು ಬಂತು? ಆಮೇಲೆ ಸಾಲದ ಕಂತು. ಆಮೇಲೆ ವಯಸ್ಸಾದ ಅಪ್ಪ ಅಮ್ಮನ ಔಷಧಿ, ಮಕ್ಕಳ ಫೀಸು. ದೇವರಿಗೆ ಮೀಸಲಿಟ್ಟೆ ಅಂತ ಹೇಳಿ ತಂದೆತಾಯಿಗೆ ಕೊಡಬೇಕಾದ್ದನ್ನ ತಪ್ಪಿಸೋರನ್ನ ಯೇಸು ಮಾರ್ಕ 7:9-13ರಲ್ಲಿ ಖಂಡಿಸಿದ್ದು ಇದಕ್ಕೇ. ಉಳಿದದ್ದನ್ನ 12 ತಿಂಗಳಿಗೆ ಹಂಚಿ, ಗಂಡ ಹೆಂಡತಿ ಕೂತು ಮಾತಾಡಿ ಒಂದು ಮೊತ್ತ ಗೊತ್ತು ಮಾಡಿ. ತಿಂಗಳಿಗೆ ಇನ್ನೂರೋ ಐನೂರೋ, ನಿಮ್ಮ ಕೈ ನಿಮಗೆ ಗೊತ್ತು. ಅದರಲ್ಲೂ ಎಲ್ಲವನ್ನೂ ಸಭೆಗೇ ಹಾಕಬೇಕಿಲ್ಲ, ಒಂದು ಪಾಲನ್ನ ಕಷ್ಟದಲ್ಲಿರೋ ಮನೆಗೆ ನೇರವಾಗಿ ಕೊಡಬಹುದು. ಮನೆಯಲ್ಲಿ ಒಬ್ಬರು ಮಾತ್ರ ನಂಬಿದವರಾದ್ರೆ, ಇಬ್ಬರ ದುಡಿಮೆಯ ಹಣವನ್ನ ಇನ್ನೊಬ್ಬರಿಗೆ ಗೊತ್ತಿಲ್ಲದೆ ಕೊಡಬೇಡಿ. ಅದರಿಂದ ಹುಟ್ಟೋ ಜಗಳ ಸುವಾರ್ತೆಗೆ ಬಾಗಿಲು ಮುಚ್ಚುತ್ತೆ.

ಇನ್ನೊಂದು ಮಾತು, ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳ್ಬೇಕು. ದಶಮಾಂಶ ಕಡ್ಡಾಯ ಅಲ್ಲ ಅಂತ ಗೊತ್ತಾದ ಕೂಡಲೇ ಜೇಬು ಮುಚ್ಚೋದು ಸ್ವಾತಂತ್ರ್ಯ ಅಲ್ಲ. ವಾಕ್ಯ ಕಲಿಸೋರಿಗೆ ಪಾಲು ಕೊಡಿ ಅಂತ ಅದೇ ಗಲಾತ್ಯ 6:6ರಲ್ಲಿದೆ. ಮೈಸೂರಲ್ಲಿ ಒಳ್ಳೆ ಸಂಬಳ, ಎರಡು ಸೈಟು ಇರೋರಿಗೆ ಹತ್ತು ಪರ್ಸೆಂಟ್ ಅನ್ನೋದು ತೀರಾ ಸಣ್ಣ ಅಳತೆ. ಮಕೆದೋನ್ಯದವರು ಬಡತನದಲ್ಲೂ ಶಕ್ತಿ ಮೀರಿ ಕೊಟ್ಟರು, ತಾವಾಗೇ ಬೇಡಿಕೊಂಡು ಕೊಟ್ಟರು (2 ಕೊರಿಂಥ 8:1-4). ಅವರನ್ನ ಯಾರೂ ಪಟ್ಟಿ ಹಿಡಿದು ಕೇಳಿರಲಿಲ್ಲ.

ಬೋಗಾದಿ_ಅಕ್ಕ:

ಬಾಡು, ಎಳ್ಳು, ಬಳೆ ನನ್ನ ಪಾಲಿಗೆ.

1 ಕೊರಿಂಥ 8ರಿಂದ 10ರ ತನಕ ಓದದೆ ಬಾಡಿನ ವಿಷಯ ಮಾತಾಡೋಕೆ ಆಗಲ್ಲಮ್ಮ. ಕೊರಿಂಥದಲ್ಲಿ ಗುಡಿಯಲ್ಲಿ ಬಲಿ ಕೊಟ್ಟ ಪ್ರಾಣಿಯ ಮಾಂಸ ಪೇಟೆಗೂ ಬರ್ತಿತ್ತು, ನೆಂಟರ ಮನೆ ಊಟಕ್ಕೂ ಬರ್ತಿತ್ತು. ಪೌಲ ಎಲ್ಲದಕ್ಕೂ ಒಂದೇ ಉತ್ತರ ಕೊಡಲಿಲ್ಲ, ಜಾಗ ನೋಡಿ ಬೇರೆ ಬೇರೆ ಉತ್ತರ ಕೊಟ್ಟ. ಗುಡಿಯ ಪಂಕ್ತಿಯಲ್ಲಿ, ಪೂಜೆಯ ಭಾಗವಾಗಿ ಕೂತು ಉಣ್ಣೋದು ಬೇಡ (10:14-22). ಪೇಟೆಯಲ್ಲಿ ಮಾರೋದನ್ನ ಕೇಳಿ ವಿಚಾರಿಸದೆ ಕೊಂಡು ತಿನ್ನಿ (10:25). ನಂಬದವರು ಮನೆಗೆ ಕರೆದರೆ, ಹೋಗೋಕೆ ಮನಸ್ಸಿದ್ದರೆ, ಬಡಿಸಿದ್ದನ್ನ ವಿಚಾರಿಸದೆ ಉಣ್ಣಿ (10:27). ಅವರೇ ಬಾಯಿ ಬಿಟ್ಟು ಇದು ಬಲಿಗೆ ಕೊಟ್ಟದ್ದು ಅಂದರೆ, ಹೇಳಿದವರ ಮನಸ್ಸಾಕ್ಷಿಗೋಸ್ಕರ ಬಿಡಿ (10:28).

ಇದನ್ನ ನಮ್ಮ ಮಾರಿಹಬ್ಬಕ್ಕೆ ಹಾಗೇ ಇಡಬಹುದು. ಗುಡಿ ಮುಂದೆ ಮರಿ ಕಡಿದು ಅಲ್ಲೇ ಪೂಜೆ ಪಂಕ್ತಿಗೆ ಕೂರಿಸಿದರೆ ಕೂರಬೇಡಿ. ಚಿಕ್ಕಪ್ಪನ ಮನೆಯಲ್ಲಿ ಹಬ್ಬದ ನೆಪದಲ್ಲಿ ನೆಂಟರನ್ನೆಲ್ಲ ಕರೆದು ಮುದ್ದೆ, ಬಾಡಿನ ಸಾರು ಹಾಕಿದರೆ ಹೋಗಿ, ಕೂತು ಉಣ್ಣಿ, ಎಲ್ಲಿ ಕಡಿದದ್ದು ಅಂತ ಕೆದಕಬೇಡಿ. "ಅಮ್ಮನಿಗೆ ಒಪ್ಪಿಸಿದ್ದು, ಪ್ರಸಾದ ಅಂತ ತಗೋ" ಅಂತ ಕೈಗೆ ಕೊಟ್ಟರೆ, "ಚಿಕ್ಕಮ್ಮ, ನಂಗೆ ಅನ್ನ ತಿಳಿಸಾರು ಸಾಕು, ನಿಮ್ಮ ಜೊತೆ ಕೂತು ಉಣ್ಣೋಕೇ ಬಂದಿದ್ದು" ಅಂದರೆ ಮುಗೀತು. ಮುಖ ಸಿಂಡರಿಸೋದು, ಅಲ್ಲೇ ಉಪದೇಶ ಶುರು ಮಾಡೋದು, ತಟ್ಟೆ ತಳ್ಳೋದು, ಇವು ಬಾಡು ತಿನ್ನೋದಕ್ಕಿಂತ ಹೆಚ್ಚು ಕೇಡು ಮಾಡ್ತವೆ. ಯೆರೂಸಲೇಮಿನ ಸಭೆ ಕಳಿಸಿದ ಪತ್ರದಲ್ಲೂ ವಿಗ್ರಹಕ್ಕೆ ಅರ್ಪಿಸಿದ್ದನ್ನ ಬಿಡಿ ಅಂತ ಇದೆ (ಅಪೊಸ್ತಲರ ಕೃತ್ಯಗಳು 15:29). ಅದನ್ನ ಹಿಡಿದು ಪೂರ್ತಿ ಬಿಡೋ ಕುಟುಂಬಗಳಿವೆ. ಅವರನ್ನ ಕಟ್ಟಳೆಯವರು ಅಂತ ಹೀಯಾಳಿಸಬೇಡಿ. ತಿನ್ನೋರು ತಿನ್ನದವರನ್ನ ಹೀನವಾಗಿ ಕಾಣಬಾರದು, ತಿನ್ನದವರು ತಿನ್ನೋರಿಗೆ ತೀರ್ಪು ಕೊಡಬಾರದು ಅಂತ ರೋಮಾಪುರ 14:3 ಎರಡೂ ಕಡೆಗೆ ಹೇಳುತ್ತೆ.

ನಿನ್ನೆ ಮೊನ್ನೆ ನಂಬಿದವರು ಪಕ್ಕದಲ್ಲಿದ್ದರೆ ಮಾತ್ರ ಬೇರೆ. ಹಿಂದೆ ಅದೇ ಗುಡಿಯಲ್ಲಿ ಹರಕೆ ಹೊತ್ತವರಿಗೆ ಆ ಬಾಡು ಬರೀ ಊಟ ಆಗಿರಲ್ಲ. ನಿಮ್ಮನ್ನ ನೋಡಿ ಅವರೂ ತಿಂದು, ಆಮೇಲೆ ರಾತ್ರಿಯೆಲ್ಲ ಭಯಪಡಬಹುದು. ಅವತ್ತು ನೀವು ಬಿಟ್ಟುಬಿಡಿ. 1 ಕೊರಿಂಥ 8:13ರಲ್ಲಿ ಪೌಲ ಹೇಳೋದು ಅದನ್ನೇ.

ಸಂಕ್ರಾಂತಿ ಎಳ್ಳು ಇನ್ನೂ ಸುಲಭ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ, ಮೇಲೆ ಒಂದು ಸಕ್ಕರೆ ಅಚ್ಚು, ಜೊತೆಗೆ ಕಬ್ಬಿನ ತುಂಡು. ಬೀದಿಯ ಹೆಣ್ಣುಮಕ್ಕಳು ಮನೆಮನೆಗೆ ಬೀರೋದು ಒಳ್ಳೆ ಮಾತಿಗೋಸ್ಕರ. ಬಾಗಿಲು ಹಾಕ್ಕೊಂಡು ಒಳಗೆ ಕೂರೋದಕ್ಕಿಂತ ತಗೊಂಡು, ಕ್ರಿಸ್ಮಸ್ಸಿಗೆ ಅದೇ ಮನೆಗಳಿಗೆ ಕರ್ಜಿಕಾಯಿ, ರೋಸ್ ಕುಕ್ಕಿ ತಟ್ಟೆ ಕಳಿಸಿ.

ಬಳೆ, ಓಲೆಗೆ 1 ಪೇತ್ರ 3:3 ತೋರಿಸ್ತಾರೆ. ಆ ವಚನದಲ್ಲಿ ಜಡೆ, ಚಿನ್ನದ ಜೊತೆಗೆ ಬಟ್ಟೆ ಉಡೋದೂ ಸೇರಿದೆ. ಚಿನ್ನಕ್ಕೆ ಪೂರ್ತಿ ನಿಷೇಧ ಅಂದರೆ ಬಟ್ಟೆಗೂ ನಿಷೇಧ ಅನ್ನಬೇಕಾಗುತ್ತೆ, ಹಾಗೆ ಯಾರೂ ಹೇಳಲ್ಲ. ನಿಜವಾದ ಅಲಂಕಾರ ಒಳಗಿನದು ಅನ್ನೋದು ಮಾತು. 1 ತಿಮೊಥೆಯ 2:9-10ರಲ್ಲಿ ಬೆಲೆಬಾಳೋ ಉಡುಪಿನ ಆಡಂಬರ ಬೇಡ ಅಂತಿದೆ, ಅದನ್ನ ಗಂಭೀರವಾಗಿ ತಗೋಬೇಕು, ಅದರಲ್ಲೂ ಬಡವರ ಮಧ್ಯೆ ಕೂರೋವಾಗ. ಆದರೆ ರೆಬೆಕ್ಕಳಿಗೆ ಮೂಗುತಿ, ಬಳೆ ಕೊಟ್ಟದ್ದು ಅಬ್ರಹಾಮನ ಸೇವಕ, ಅದೂ ಪ್ರಾರ್ಥನೆ ಮಾಡಿ (ಆದಿಕಾಂಡ 24:22). ಮನೆಗೆ ಬಂದ ಮಗನ ಕೈಗೆ ಉಂಗುರ ಹಾಕಿಸಿದ್ದು ತಂದೆ (ಲೂಕ 15:22). ಗಾಜಿನ ಬಳೆ ತೆಗೆಸೋದರಲ್ಲಿ ನಮ್ಮ ಕಡೆ ಇನ್ನೊಂದು ನೋವಿದೆ. ಬರಿಗೈ ಅಂದರೆ ಊರಲ್ಲಿ ಗಂಡ ಸತ್ತ ಗುರುತು. ನಂಬದ ಗಂಡ, ಅತ್ತೆ ಮಾವ ಅದನ್ನ ಹೇಗೆ ತಗೋತಾರೆ ಅಂತ ಯೋಚನೆ ಮಾಡದೆ ಬಳೆ ಒಡೆಸೋರು, ಅದೇ 1 ಪೇತ್ರ 3:1 ನಂಬದ ಗಂಡನನ್ನ ನಡತೆಯಿಂದ ಗೆಲ್ಲಿ ಅನ್ನೋದನ್ನ ಮರೀತಾರೆ.

ಅಶೋಕರಸ್ತೆ_ಧರ್ಮಕೇಂದ್ರ:

ನಾನು ಕಥೋಲಿಕ, ಉಪವಾಸದ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮಲ್ಲಿ ಉಪವಾಸಕ್ಕೆ ನಿಯಮ ಇದೆ, ಆ ನಿಯಮಕ್ಕೆ ಮಿತಿಯೂ ಇದೆ. ಬೂದಿ ಬುಧವಾರ, ಶುಭ ಶುಕ್ರವಾರ ಎರಡು ದಿನ, 18 ತುಂಬಿದವರಿಂದ 59ರವರೆಗೆ: ಒಂದು ಪೂರ್ತಿ ಊಟ, ಬೇಕಿದ್ದರೆ ಎರಡು ಸಣ್ಣ ಊಟ. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ. ಕಾಯಿಲೆಯವರಿಗೆ, ಗರ್ಭಿಣಿಯರಿಗೆ ಬಿಡುವಿದೆ. ನಿಯಮ ಇದ್ದ ಮಾತ್ರಕ್ಕೆ ಕೃಪೆ ಹೋಯಿತು ಅಂತ ಅಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಆದರೆ ವಾರವಾರ ಹಾಜರಿ ತೆಗೆದು, ಯಾರು ಉಂಡರು ಯಾರು ಉಣ್ಣಲಿಲ್ಲ ಅಂತ ಕೇಳುವುದು ಮತ್ತಾಯ 6:16-18ಕ್ಕೆ ನೇರ ವಿರುದ್ಧ. ಉಪವಾಸ ಗುಟ್ಟಾಗಿರಲಿ ಅಂತ ಕರ್ತನೇ ಹೇಳಿದ್ದಾರೆ. ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತೇನೆ ಅಂದ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದ ಫರಿಸಾಯನು ನೀತಿವಂತನೆಂದು ಎಣಿಸಲ್ಪಡದೆ ಮನೆಗೆ ಹೋದ (ಲೂಕ 18:9-14). ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪುವ ಅಪಾಯ ಉಂಟು. ಅಂಥವರಿಗೆ ಟಿವಿಯನ್ನೋ ಮೊಬೈಲನ್ನೋ ಬಿಟ್ಟು ಆ ಹೊತ್ತನ್ನು ಪ್ರಾರ್ಥನೆಗೆ ಕೊಡಿ ಎನ್ನಬಹುದು. ಉಳಿದವರು ಬಿಟ್ಟ ಊಟದ ಹಣವನ್ನು ಹಸಿದವರಿಗೆ ಕೊಟ್ಟರೆ ಯೆಶಾಯ 58:6-7ರ ಉಪವಾಸವೂ ಆಗುತ್ತದೆ.

ವೆಸ್ಲಿ_ಓದು_ಮೈಸೂರು:

ಮೇಲಿನವರ ಮಾತಿಗೆ ನನ್ನ ವಿರೋಧ ಇಲ್ಲ, ಒಂದು ಎಚ್ಚರಿಕೆ ಸೇರಿಸಬೇಕು. ಕಟ್ಟಳೆ ಬಿಟ್ಟು ಬಂದವರಲ್ಲಿ ಅನೇಕರು ಪ್ರಾರ್ಥನೆ, ವಾಕ್ಯ ಓದುವುದು, ಸಭೆ ಸೇರುವುದು ಎಲ್ಲವನ್ನೂ ಒಟ್ಟಿಗೆ ಬಿಟ್ಟುಬಿಡುತ್ತಾರೆ. ಭಯದಿಂದ ಮಾಡುತ್ತಿದ್ದದ್ದು, ಭಯ ಹೋದ ಕೂಡಲೇ ಕಾರಣವೂ ಹೋಯಿತು.

ಮೈಸೂರಿನ ಕೆಥೆಡ್ರಲ್ಲಿಗೆ ಯಾರ ಹೆಸರಿದೆಯೋ ಆ ಜಾನ್ ವೆಸ್ಲಿ ಆಕ್ಸ್‌ಫರ್ಡಿನಲ್ಲಿ ಬುಧವಾರ, ಶುಕ್ರವಾರ ಉಪವಾಸ ಮಾಡಿ, ಜೈಲಿನಲ್ಲಿದ್ದವರನ್ನು ನೋಡಿ, ಗಂಟೆ ಗಂಟೆಯ ಲೆಕ್ಕ ಇಟ್ಟು ಬದುಕಿದವರು. ಆದರೂ ದೇವರು ತನ್ನನ್ನು ಒಪ್ಪಿದ್ದಾರೆ ಅನ್ನುವ ಭರವಸೆ ಅವರಿಗೆ ಸಿಕ್ಕಿರಲಿಲ್ಲ. 1738ರ ಮೇ 24ರಂದು ಲಂಡನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ರೋಮಾಪುರ ಪತ್ರಿಕೆಗೆ ಲೂಥರ್ ಬರೆದಿದ್ದ ಮುನ್ನುಡಿಯನ್ನು ಯಾರೋ ಓದುತ್ತಿರುವಾಗ, ಕ್ರಿಸ್ತನೊಬ್ಬನಲ್ಲೇ ನಂಬಿಕೆ ಇಡುವುದು ಏನು ಅಂತ ಅವರ ಹೃದಯಕ್ಕೆ ಮುಟ್ಟಿತು. ಆಮೇಲೆ ಅವರು ಶಿಸ್ತು ಬಿಡಲಿಲ್ಲ ಅನ್ನುವುದು ಗಮನಿಸಬೇಕಾದ ಸಂಗತಿ. 1743ರಲ್ಲಿ ತಮ್ಮ ಕೂಟಗಳಿಗೆ ನಿಯಮಗಳನ್ನೇ ಬರೆದರು: ಕೇಡು ಮಾಡಬೇಡಿ, ಒಳ್ಳೆಯದು ಮಾಡಿ, ಪ್ರಾರ್ಥನೆ, ವಾಕ್ಯ, ಕರ್ತನ ಭೋಜನಗಳನ್ನು ಬಿಡಬೇಡಿ. ಕೂಟಕ್ಕೆ ಸೇರುವುದಕ್ಕೆ ಮಾತ್ರ ಒಂದೇ ಷರತ್ತು, ಬರಲಿರುವ ಕೋಪದಿಂದ ತಪ್ಪಿಸಿಕೊಂಡು ಪಾಪದಿಂದ ಬಿಡುಗಡೆ ಹೊಂದಬೇಕೆಂಬ ಆಸೆ.

ಕೃಪೆ ಹೆಚ್ಚಲಿ ಅಂತ ಪಾಪದಲ್ಲೇ ಇರೋಣವೋ ಅನ್ನುವ ಪ್ರಶ್ನೆಯನ್ನು ರೋಮಾಪುರ 6:1-2 ಎತ್ತಿದ ಕೂಡಲೇ ಮುರಿಯುತ್ತದೆ. ತೀತ 2:11-12ರ ಪ್ರಕಾರ ಭಕ್ತಿಹೀನತೆಗೆ ಇಲ್ಲ ಅನ್ನಲು ಕಲಿಸುವುದೇ ಕೃಪೆ. ಕುಡಿತ ಬಿಟ್ಟವರೊಬ್ಬರು ಬಾರ್ ಇರುವ ರಸ್ತೆಯಲ್ಲೇ ಹೋಗುವುದಿಲ್ಲ ಅಂತ ತಮಗೆ ತಾವೇ ನಿಯಮ ಹಾಕಿಕೊಂಡರೆ ಅದು ಬಂಧನವಲ್ಲ, ಬುದ್ಧಿವಂತಿಕೆ. ಆ ರಸ್ತೆಯಲ್ಲಿ ಮನೆ ಇರುವವರನ್ನೆಲ್ಲ ಪಾಪಿಗಳು ಅಂದಾಗ ಅದು ಕಟ್ಟಳೆಯಾಗುತ್ತದೆ.

ಮದ್ದೂರು_ಸಿಸ್ಟರ್:

ಎಲ್ಲರಿಗೂ ಹೃದಯಪೂರ್ವಕ ವಂದನೆ. ತೀತ, ತಿಮೊಥೆಯರ ವಿಷಯ ತುಂಬ ಸ್ಪಷ್ಟ ಆಯ್ತು. ಇನ್ನೆರಡು ಕೇಳ್ತೀನಿ. ನಾಲೆ ನೀರು ಕಟ್ಟು ಪದ್ಧತಿಯಲ್ಲಿ ಬಿಡೋದು. ಸರದಿ ಭಾನುವಾರ ಬಂದ್ರೆ ಗದ್ದೆಗೆ ಹೋಗದೆ ಬಿಟ್ಟರೆ ಮತ್ತೆ ಸರದಿ ಬರೋ ತನಕ ಬೆಳೆ ಒಣಗುತ್ತೆ, ಏನು ಮಾಡೋದು? ಮತ್ತೆ ಹಿರಿಯರ ಹತ್ರ ಇದನ್ನೆಲ್ಲ ಮಾತಾಡೋದು ಹೇಗೆ? ಮನೇಲಿ ಅತ್ತೆಯವರು ಆ ಪಟ್ಟಿಯನ್ನ ಮನಸಾರೆ ನಂಬ್ತಾರೆ.

ಪಾಂಡವಪುರ_ಕಬ್ಬು:

ನೀರಿನ ಸರದಿಗೆ ಲೂಕ 14:5 ಸಾಕು ಸಿಸ್ಟರ್. ಬಾವಿಗೆ ಬಿದ್ದ ಎತ್ತನ್ನ ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ತಿನಲ್ಲೇ ಎತ್ತಲ್ವಾ ಅಂತ ಯೇಸು ಕೇಳಿದರು. ನೀರು ಕಟ್ಟಿ. ಬೆಳಗಿನ ಆರಾಧನೆ ತಪ್ಪಿದರೆ ಸಂಜೆ ಕೂಟಕ್ಕೆ ಹೋಗಿ, ಅದೂ ಇಲ್ಲದಿದ್ದರೆ ವಾರದ ಮಧ್ಯದ ಪ್ರಾರ್ಥನೆಗೆ. ಸಭೆಯಾಗಿ ಕೂಡೋದನ್ನ ರೂಢಿಯಾಗಿ ಬಿಡಬೇಡಿ ಅನ್ನೋದು ಇಬ್ರಿಯ 10:25, ಒಂದು ವಾರ ತಪ್ಪೋದನ್ನ ಅದು ಹೇಳ್ತಿಲ್ಲ. ಹತ್ತು ಆಜ್ಞೆಯ ಸಬ್ಬತ್ತು ಏಳನೇ ದಿನ, ಭಾನುವಾರ ವಾರದ ಮೊದಲನೇ ದಿನ, ಇದನ್ನ ಹಿರಿಯರಿಗೂ ಮೆಲ್ಲಗೆ ನೆನಪಿಸಬಹುದು. ಕೊಲೊಸ್ಸೆ 2:16ರಲ್ಲಿ ಸಬ್ಬತ್ತಿನ ವಿಷಯದಲ್ಲಿ ಯಾರೂ ನಿಮಗೆ ತೀರ್ಪು ಮಾಡದಿರಲಿ ಅಂತಿದೆ. ಆದರೆ ಕೂಲಿ ಆಳಿಗೂ ಎತ್ತಿಗೂ ವಾರಕ್ಕೊಂದು ದಿನ ಬಿಡುವು ಬೇಕು ಅನ್ನೋ ಮಾತು ಆ ಆಜ್ಞೆಯಲ್ಲೇ ಇದೆ, ಅದನ್ನ ಮರೀಬೇಡಿ.

ಹಿನಕಲ್_ಓದುಗ:

ಹಿರಿಯರ ಹತ್ತಿರ ಇಡೀ ಪಟ್ಟಿ ತೆಗೆದುಕೊಂಡು ಹೋಗಬೇಡಿ. ಒಂದೇ ವಿಷಯ ಆರಿಸಿಕೊಳ್ಳಿ. ನನ್ನ ಪ್ರಕಾರ ಕರ್ತನ ಭೋಜನದ ವಿಷಯವನ್ನೇ ಆರಿಸಬೇಕು, ಅಲ್ಲಿ ದೂರ ಇಡಲ್ಪಟ್ಟವರಿಗೆ ನೇರ ಗಾಯ ಆಗುತ್ತಿದೆ. ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರ ಮಧ್ಯೆ ಎತ್ತಬೇಡಿ. ಪೌಲ ಪೇತ್ರನಿಗೆ ಎಲ್ಲರ ಎದುರು ಹೇಳಿದ್ದು ಅವನು ಅಪೊಸ್ತಲನೆಂದು, ಪೇತ್ರನ ನಡೆಯಿಂದ ಬಾರ್ನಬನೂ ಉಳಿದವರೂ ಸೆಳೆದುಹೋಗಿದ್ದರೆಂದು. ನಮಗೆ ಮತ್ತಾಯ 18:15-16ರ ದಾರಿ ಇದೆ: ಮೊದಲು ಒಬ್ಬರೇ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು. ನೀವು ಹೆಣ್ಣುಮಗಳಾದ್ದರಿಂದ ಪಾಸ್ಟರಮ್ಮನವರ ಮುಖಾಂತರ ಮಾತು ಶುರುವಾದರೆ ಸುಲಭವಾಗಬಹುದು. "ನೀವು ಕಟ್ಟಳೆಯವರು" ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. 1 ಕೊರಿಂಥ 11:17-34ನ್ನು ಒಟ್ಟಿಗೆ ಓದೋಣ ಅಂತ ಕೇಳಿ, ಓದಿ, "ಇಲ್ಲಿ ಬಳೆಯ ವಿಷಯ ಎಲ್ಲಿದೆ ಅಯ್ಯನವರೇ?" ಅಂತ ಕೇಳಿ, ಉತ್ತರಕ್ಕೆ ಕಾಯಿರಿ.

ಅತ್ತೆಯವರ ವಿಷಯ ಬೇರೆ. ಅವರು ಯಾರ ಮೇಲೂ ಹೊರಿಸದೆ, ದೇವರ ಮೇಲಿನ ಪ್ರೀತಿಯಿಂದ ತಾವಾಗಿ ಬಳೆ ಬಿಟ್ಟಿದ್ದರೆ ಅದನ್ನು ಗೌರವಿಸಿ. ಅವರ ಎದುರಿಗೆ ಬೇಕೆಂದೇ ಎರಡು ಡಜನ್ ಬಳೆ ತೊಟ್ಟು ಓಡಾಡುವುದು ಬೇಡ. ನಿಮಗೂ ಅಷ್ಟೇ, ವಚನ ಗೊತ್ತಾದ ಮಾತ್ರಕ್ಕೆ ಒಳಗಿನ ಅಂಜಿಕೆ ಅದೇ ದಿನ ಹೋಗುವುದಿಲ್ಲ. ಸಂದೇಹಪಡುತ್ತಾ ಮಾಡಿದರೆ ಅದು ನಂಬಿಕೆಯಿಂದ ಆದದ್ದಲ್ಲ (ರೋಮಾಪುರ 14:23). ಆದ್ದರಿಂದ ಮನಸ್ಸಾಕ್ಷಿ ಇನ್ನೂ ಚುಚ್ಚುತ್ತಿರುವ ವಿಷಯವನ್ನು ಸದ್ಯ ಹಾಗೇ ಇಟ್ಟುಕೊಂಡು, ನಿಶ್ಚಯ ಬಂದಿರುವುದರಲ್ಲಿ ಮೊದಲು ಹೆಜ್ಜೆ ಇಡಿ.

ಹಿರಿಯರು ಕೇಳಿಯೂ ಭೋಜನದಿಂದ ದೂರ ಇಡುವುದನ್ನು ಮುಂದುವರಿಸಿದರೆ, ಕ್ರಿಸ್ತನೊಬ್ಬನ ಮೇಲೆ ನಂಬಿಕೆಯನ್ನು ಸಾರುವ ಬೇರೆ ಸಭೆಗೆ ಹೋಗುವುದರಲ್ಲಿ ದೋಷವಿಲ್ಲ. ಹೋಗುವಾಗ ನಾಲ್ಕು ಮನೆಯವರನ್ನು ಒಡೆದುಕೊಂಡು ಹೋಗಬೇಡಿ, ವಾಟ್ಸಾಪ್ ಗುಂಪಿನಲ್ಲಿ ಬರೆಯಬೇಡಿ, ಹೇಳಿಯೇ ಹೋಗಿ. ಹೊಸ ಸಭೆಯಲ್ಲಿ ಸೇರುವ ಮುಂಚೆ ಎರಡು ವಿಷಯ ವಿಚಾರಿಸಿ: ಇಲ್ಲಿ ಯಾರನ್ನು ಯಾವ ಕಾರಣಕ್ಕೆ ಕರ್ತನ ಭೋಜನದಿಂದ ತಡೆಯುತ್ತಾರೆ, ಕಾಣಿಕೆಯ ಲೆಕ್ಕವನ್ನು ಸಭೆಗೆ ಒಪ್ಪಿಸುತ್ತಾರೋ ಇಲ್ಲವೋ. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ. ಬಡವರಿಗಾಗಿ ಕೂಡಿಸಿದ ಹಣವನ್ನು ಯೆರೂಸಲೇಮಿಗೆ ಮುಟ್ಟಿಸುವಾಗ ಯಾರೂ ತಪ್ಪು ಹೊರಿಸದ ಹಾಗೆ ಪೌಲನೇ ಬೇರೆ ಸಹೋದರರನ್ನು ಜೊತೆಗೆ ಸೇರಿಸಿಕೊಂಡ (2 ಕೊರಿಂಥ 8:18-21).